ವರ್ಷದ ಟ್ರಿಪ್ಪು, ಶಿಪ್ಪು, ಓಡಾಟ ಎಲ್ಲಾ ಮನೆಯವರ ಜೊತೆ ಕೂತು ನೆನೆಸ್ಕೊಳೋದು ಹೇಗೆ

ವರ್ಷ ಮುಗೀತಿದ್ದಂಗೆ ಫೋನು ತಾನೇ ಒಂದು ಹಾಡು ಹಾಕಿ, ನಮ್ಮ ಫೋಟೋ ಎಲ್ಲಾ ಜೋಡ್ಸಿ ಒಂದು ವಿಡಿಯೋ ಮಾಡಿ ತೋರ್ಸತ್ತಲ್ಲ, ಅದನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿ ನಾಲ್ಕು ಹಾರ್ಟ್ ಬಂತು ಅಂದ್ರೆ ಅಷ್ಟಕ್ಕೇ ಬಿಟ್ಬಿಡ್ತೀವಿ. ಆದ್ರೆ ಆ ವಿಡಿಯೋದಲ್ಲಿ ಫೋಟೋ ತೆಗೆದವರೇ ಇರಲ್ಲ. ಫೋಟೋ ಅಂದ್ರೆ ನಾಚ್ಕೊಂಡು ಪಕ್ಕಕ್ಕೆ ಸರಿಯೋ ಅತ್ತೆ ಇರಲ್ಲ, ರಾತ್ರಿ ಟ್ರೈನಲ್ಲಿ ಲೈಟ್ ಆರಿಸಿದ ಮೇಲೆ ಭಾವ ಮತ್ತು ಅಪ್ಪ ಆಡಿದ ಮಾತು ಇರಲ್ಲ. ಜೊತೇಲಿ ಓಡಾಡಿದವರು ಜೊತೇಲೇ ಕೂತು ಬಾಯ್ಬಿಟ್ಟು ಹೇಳ್ಕೊಂಡ್ರೇನೇ ಅದೆಲ್ಲ ಸಿಗೋದು. ನಮ್ಮನೇಲಿ ನಾವು ಹೇಗೆ ಮಾಡ್ತೀವಿ ಅಂತ ಬರೀತಿದೀನಿ, ನಿಮ್ಮ ಮನೆಗೆ ಒಗ್ಗೋದಷ್ಟು ತಗೊಳಿ.

ಮೊದಲು ಯಾವಾಗ ಕೂರೋದು ಅನ್ನೋದು. ಡಿಸೆಂಬರ್ 31 ನಮಗಂತೂ ಸರಿ ಹೋಗಲ್ಲ, ಅವತ್ತು ಒಬ್ಬೊಬ್ಬರು ಒಂದೊಂದು ಕಡೆ ಇರ್ತಾರೆ. ಮೈಸೂರಿನವರಿಗೆ ದಸರಾಗಿಂತ ಒಳ್ಳೆ ಟೈಮಿಲ್ಲ. ದಸರಾದಿಂದ ದಸರಾಕ್ಕೆ ಒಂದು ವರ್ಷ ಅಂತ ಲೆಕ್ಕ ಇಟ್ಕೊಂಬಿಡಿ, ಯಾಕಂದ್ರೆ ಬೆಂಗಳೂರಿನ ಅಕ್ಕ ಭಾವ, ಮಂಡ್ಯದ ಚಿಕ್ಕಮ್ಮ, ಪಾಂಡವಪುರದ ಮಾವ ಎಲ್ಲಾ ಮೆರವಣಿಗೆ ನೆಪದಲ್ಲಿ ಬಂದೇ ಬರ್ತಾರೆ, ಮಕ್ಕಳಿಗೆ ಸ್ಕೂಲ್ ರಜ, ಮನೇಲಿ ಗೊಂಬೆ ಕೂರ್ಸಿರ್ತೀವಿ. ಜಂಬೂ ಸವಾರಿ ದಿನ ಮಾತ್ರ ಬೇಡ, ಬಿಸಿಲಲ್ಲಿ ನಿಂತು ಬಂದು ಎಲ್ರಿಗೂ ಸುಸ್ತು. ಹಿಂದಿನ ದಿನ ಆಯುಧಪೂಜೆ ಸಂಜೆ, ಕಾರು ಸ್ಕೂಟರಿಗೆಲ್ಲ ಕುಂಬಳಕಾಯಿ ಒಡೆದು ಕಾಫಿ ಆದ್ಮೇಲೆ ಕೂತ್ರೆ ಎರಡು ಗಂಟೆ ಆರಾಮಾಗಿ ಸಿಗತ್ತೆ. ದಸರಾ ತಪ್ಪಿದ್ರೆ ಸಂಕ್ರಾಂತಿ ಇದ್ದೇ ಇದೆ, ಎಳ್ಳು ಬೆಲ್ಲ ಕೊಬ್ಬರಿ ಹೆಚ್ಚೋಕೆ ಹೆಂಗಿದ್ರೂ ಎಲ್ಲಾ ಸುತ್ತ ಕೂತಿರ್ತಾರೆ, ಕೈಗೆ ಕೆಲ್ಸ ಇದ್ರೆ ಮಾತೂ ಚೆನ್ನಾಗಿ ಬರತ್ತೆ.

ಕೂತ ತಕ್ಷಣ ಫೋಟೋ ತೆಗೀಬೇಡಿ. ಇದು ನಾನು ಹೇಳೋದ್ರಲ್ಲಿ ಮುಖ್ಯವಾದ್ದು. ಒಂದ್ಸಲ ಫೋಟೋ ಹೊರಗೆ ಬಂತು ಅಂದ್ರೆ ಎಲ್ಲರ ನೆನಪೂ ಅದರ ಹಿಂದೇನೇ ಹೋಗತ್ತೆ, ಫೋಟೋದಲ್ಲಿ ಇಲ್ಲದ್ದು ಯಾರಿಗೂ ಬಾಯಿಗೇ ಬರಲ್ಲ. ಮೊದಲ ಸುತ್ತು ಬರೀ ಮಾತು, ದೊಡ್ಡವರಿಂದ ಶುರು. ಮಕ್ಕಳು ಮೊದಲು ಶುರು ಮಾಡಿದ್ರೆ ದೊಡ್ಡವರು ಕೇಳ್ಕೊಂಡು ನಗ್ತಾ ಕೂತ್ಬಿಡ್ತಾರೆ, ತಮ್ಮದು ಹೇಳೋದೇ ಇಲ್ಲ. "ಅಜ್ಜಿ, ಟ್ರಿಪ್ ಹೆಂಗಿತ್ತು" ಅಂತ ಕೇಳಿದ್ರೆ "ಚೆನ್ನಾಗಿತ್ತು ಕಣಪ್ಪ" ಅಂತಾರೆ, ಅಲ್ಲಿಗೆ ಮುಗೀತು. ಸಣ್ಣದಾಗಿ ಕೇಳ್ಬೇಕು. ಎಲ್ಲಿ ಊಟ ರುಚಿ ಅನ್ನಿಸ್ತು, ಎಲ್ಲಿ ಭಯ ಆಯ್ತು, ಎಲ್ಲಿ ಇನ್ನೂ ಸ್ವಲ್ಪ ಹೊತ್ತು ಇರ್ಬೇಕಿತ್ತು ಅನ್ನಿಸ್ತು, ಯಾರ ಪಕ್ಕ ಕೂತಿದ್ರಿ. ರಂಗನತಿಟ್ಟಿನ ಬೋಟಲ್ಲಿ ನಾವೆಲ್ಲ ಮೊಸಳೆ ಹುಡುಕ್ತಾ ಇದ್ದಾಗ ಅಮ್ಮ ಬೋಟ್ ಹುಟ್ಟು ಹಾಕೋರ ಹತ್ರ ಅವರೂರಿನ ಗದ್ದೆ ವಿಷಯ ಮಾತಾಡ್ತಾ ಇದ್ರಂತೆ, ಅದು ನಮಗೆ ಗೊತ್ತಾಗಿದ್ದೇ ಹೀಗೆ ಕೇಳಿದ್ಮೇಲೆ. ಒಂದು ಫೋನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಮಧ್ಯ ಇಡಿ, ರೆಕಾರ್ಡ್ ಆಗ್ತಿದೆ ಅಂತ ಎಲ್ಲರಿಗೂ ಹೇಳಿಯೇ ಇಡಿ. ಇಬ್ಬರು ಒಂದೇ ವಿಷಯನ ಬೇರೆ ಬೇರೆ ಥರ ಹೇಳಿದ್ರೆ ಯಾರು ಸರಿ ಅಂತ ತೀರ್ಮಾನ ಮಾಡೋಕೆ ಹೋಗ್ಬೇಡಿ, ಎರಡೂ ಇರ್ಲಿ.

ಮಾತು ಒಂದು ಸುತ್ತು ಆದ್ಮೇಲೆ ತಾರೀಖು ಕೂರ್ಸೋ ಕೆಲ್ಸ. ಇದಕ್ಕೆ ನೆನಪು ನಂಬ್ಕೋಬೇಕಾಗೇ ಇಲ್ಲ, ಎಲ್ಲಾ ಕಡೆ ಗುರುತು ಉಳ್ದಿರತ್ತೆ. ಐಆರ್‌ಸಿಟಿಸಿಯಲ್ಲಿ ಹಳೆ ಬುಕಿಂಗ್ ಸಿಗತ್ತೆ, ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದ್ರೆ ಯಾವ ದಿನ ಯಾವ ಟೋಲ್ ಎಷ್ಟು ಗಂಟೆಗೆ ದಾಟಿದ್ವಿ ಅಂತ ಬರತ್ತೆ, ಫೋನ್‌ಪೇ ಹಿಸ್ಟರಿಯಲ್ಲಿ ಮದ್ದೂರಲ್ಲಿ ವಡೆ ತಿಂದಿದ್ದೂ ಇರತ್ತೆ. ಇದೆಲ್ಲಕ್ಕಿಂತ ನನಗೆ ಇಷ್ಟ ಅಡುಗೆಮನೆ ಗೋಡೆ ಮೇಲಿನ ಒಂಟಿಕೊಪ್ಪಲ್ ಕ್ಯಾಲೆಂಡರು. ಅಮ್ಮ ಹಾಲು ಎಷ್ಟು ಪ್ಯಾಕೆಟ್ ಅಂತ ಬರೆದಿರ್ತಾರಲ್ಲ, ಹಾಲು ಬೇಡ ಅಂತ ಗೀಟು ಹಾಕಿರೋ ದಿನ ಎಲ್ಲಾ ನಾವು ಊರಲ್ಲಿ ಇರಲಿಲ್ಲ ಅಂತಾನೇ ಅರ್ಥ. ಇನ್ನು ಹಿರಿಯರು ಲೆಕ್ಕ ಇಡೋದೇ ಬೇರೆ ಥರ. ಮಾವನ್ನ ಕೇಳಿದ್ರೆ "ಕನ್ನಂಬಾಡಿ ಕಟ್ಟೆ ತುಂಬ್ತಲ್ಲ, ಬಾಗಿನ ಬುಟ್ರಲ್ಲ, ಅದರ ಮಾರನೇ ವಾರ" ಅಂತಾರೆ. ಅದೂ ಪಕ್ಕಾ ಲೆಕ್ಕಾನೇ, ನೀರು 124.80 ಅಡಿ ಮುಟ್ಟಿದ ದಿನ ಪೇಪರಲ್ಲಿ ಬಂದಿರತ್ತೆ, ಹುಡುಕಿದ್ರೆ ತಾರೀಖು ಸಿಗತ್ತೆ. ಆದ್ರೆ ನೋಟ್‌ಬುಕ್ಕಲ್ಲಿ ಬರಿಯೋವಾಗ ಮಾವ ಹೇಳಿದ ಮಾತನ್ನೇ ಮೊದಲು ಬರೀರಿ, ತಾರೀಖು ಪಕ್ಕದಲ್ಲಿ.

ಒಂದು ದಿನದ ಓಡಾಟಾನೂ ಪಟ್ಟಿಗೆ ಸೇರಿಸಿ. ಶಿಪ್ಪು, ಕೇರಳದ ಹೌಸ್‌ಬೋಟು ಮಾತ್ರ ಟ್ರಿಪ್ಪು, ಬಲಮುರಿ ತಲಕಾಡಿಗೆ ಪುಳಿಯೋಗರೆ ಕಟ್ಕೊಂಡು ಹೋಗಿದ್ದು ಟ್ರಿಪ್ಪಲ್ಲ ಅನ್ನೋರಿದಾರೆ, ನಾನು ಒಪ್ಪಲ್ಲ. ಮೇಲುಕೋಟೆ ವೈರಮುಡಿಗೆ ರಾತ್ರಿಯೆಲ್ಲ ನಿಂತಿದ್ದು ನಮ್ಮ ಚಿಕ್ಕಮ್ಮಂಗೆ ವರ್ಷದಲ್ಲೇ ದೊಡ್ಡ ಪ್ರಯಾಣ.

ಈಗ ಶಿಪ್ಪಿನ ವಿಷಯ, ಇದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಶಿಪ್ಪಿನ ನೆನಪು ಬೇಗ ಕಲಸಿಹೋಗತ್ತೆ. ರೋಡ್ ಟ್ರಿಪ್ಪಲ್ಲಾದ್ರೆ ಊರು ಬದಲಾಗತ್ತೆ, ಹಾಸನ ಆಯ್ತು ಸಕಲೇಶಪುರ ಆಯ್ತು ಅಂತ ನೆನಪಿಗೆ ಒಂದು ದಾರಿ ಇರತ್ತೆ. ಸಮುದ್ರದಲ್ಲಿ ಎಲ್ಲಾ ಕಡೆ ಅದೇ ನೀರು, ಅದೇ ಡೆಕ್ಕು, ಅದೇ ಊಟದ ಹಾಲ್, ಮೂರು ತಿಂಗಳು ಬಿಟ್ಟು ಕೇಳಿದ್ರೆ ಸೋಮವಾರ ಯಾವ್ದು ಮಂಗಳವಾರ ಯಾವ್ದು ಯಾರಿಗೂ ಗೊತ್ತಾಗಲ್ಲ. ಅದಕ್ಕೆ ಶಿಪ್ಪನ್ನ ದಿನದ ಲೆಕ್ಕದಲ್ಲಿ ಕೇಳ್ಬೇಡಿ, ಜಾಗದ ಲೆಕ್ಕದಲ್ಲಿ ಕೇಳಿ. ಹತ್ತೋ ಮುಂಚೆ ಟರ್ಮಿನಲ್ಲಲ್ಲಿ ಏನಾಯ್ತು, ಲೈಫ್ ಜಾಕೆಟ್ ಡ್ರಿಲ್ಲಲ್ಲಿ ಯಾರು ಎಲ್ಲಿ ನಿಂತಿದ್ರಿ, ಕ್ಯಾಬಿನ್ನಲ್ಲಿ ಮೊದಲ ರಾತ್ರಿ ನಿದ್ದೆ ಬಂತಾ, ಮೇಲಿನ ಡೆಕ್ಕಲ್ಲಿ ಬೆಳಿಗ್ಗೆ ಯಾರು ಮೊದಲು ಹೋದ್ರಿ, ನೆಟ್‌ವರ್ಕ್ ಹೋದಾಗ ಯಾರಿಗೆ ಏನನ್ನಿಸ್ತು. ಹೀಗೆ ಕೇಳಿದ್ರೆ ಒಂದೊಂದೇ ಹೊರಗೆ ಬರತ್ತೆ. ಶಿಪ್ಪು ಹತ್ತೋಕೆ ಮುಂಬೈ ತನಕ ಶರಾವತಿ ಎಕ್ಸ್‌ಪ್ರೆಸ್ಸಲ್ಲಿ ಹೋಗಿದ್ರೆ ಅದನ್ನೂ ಶಿಪ್ಪಿನ ಪುಟಕ್ಕೇ ಸೇರ್ಸಿ, ಹೋಗೋ ದಾರಿ ಬಿಟ್ರೆ ಅರ್ಧ ಕತೆ ಹೋದಂಗೆ.

ಮಕ್ಕಳಿಗೆ ಹಡಗಿನ ಬಗ್ಗೆ ಒಂದು ಪುಟ ಬರಿಯೋಕೆ ಹೇಳಿ. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆಲ್ಲ ಹೋಗೋ ಕಾರ್ಡೆಲಿಯಾ ಕಂಪನಿಯವರ ಎಂಪ್ರೆಸ್ ಹಡಗು ಇದ್ಯಲ್ಲ, ಅದು 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅನ್ನೋ ಹೆಸರಲ್ಲಿ ಶುರುವಾಗಿದ್ದು, ಆಮೇಲೆ ಎಂಪ್ರೆಸ್ ಆಫ್ ದಿ ಸೀಸ್ ಆಯ್ತು, 2021ರಿಂದ ನಮ್ಮ ಕಡೆ ಓಡ್ತಿದೆ. ಅಕ್ಕನ ಮಗಳು ಇದನ್ನ ಹುಡುಕಿ ಬರೆದಾಗ ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. ಸ್ಪೀಡನ್ನ ನಾಟ್‌ನಿಂದ ಕಿಲೋಮೀಟರಿಗೆ ಅವರೇ ಲೆಕ್ಕ ಹಾಕ್ಲಿ, ಒಂದು ನಾಟ್ ಅಂದ್ರೆ ಗಂಟೆಗೆ 1.852 ಕಿಲೋಮೀಟರ್, 18 ನಾಟ್ ಅಂದ್ರೂ ಗಂಟೆಗೆ 33 ಚಿಲ್ಲರೆ ಅಷ್ಟೇ. ಲಕ್ಷದ್ವೀಪದಲ್ಲಿ 36 ದ್ವೀಪ, ಜನ ಇರೋದು ಹತ್ತರಲ್ಲಿ ಮಾತ್ರ, ಮ್ಯಾಪ್ ಬರೆದು ನಾವು ಇಳಿದಿದ್ದು ಎಲ್ಲಿ ಅಂತ ಚುಕ್ಕಿ ಹಾಕ್ಸಿ.

ದೊಡ್ಡವರು ಬರೀಬೇಕಾದ ಪುಟ ಬೇರೆ ಇದೆ, ಮೈ ಕೈ ಹೇಗಿತ್ತು ಅನ್ನೋದು. ಲಕ್ಷದ್ವೀಪದ ಹತ್ರ ನೀರು ಆಳ ಇಲ್ಲ, ದೊಡ್ಡ ಹಡಗು ದೂರದಲ್ಲೇ ನಿಲ್ಲತ್ತೆ, ಅಲ್ಲಿಂದ ಚಿಕ್ಕ ಬೋಟಿಗೆ ಇಳೀಬೇಕು, ಅಲೆಗೆ ಬೋಟು ಮೇಲೆ ಕೆಳಗೆ ಆಗ್ತಿರತ್ತೆ, ಮಂಡಿನೋವು ಇರೋರಿಗೆ ಕಷ್ಟ. ಅದನ್ನ "ಎಲ್ಲಾ ಚೆನ್ನಾಗಿತ್ತು" ಅನ್ನೋದರ ಕೆಳಗೆ ಮುಚ್ಚಬೇಡಿ, ಬರೀರಿ. ತಲೆಸುತ್ತು ಯಾರಿಗೆ ಬಂತು, ಯಾವ ಡೆಕ್ಕಲ್ಲಿ ಇದ್ರಿ (ಕೆಳಗಿನ ಡೆಕ್ಕಲ್ಲಿ, ಹಡಗಿನ ನಡುಭಾಗದ ಕ್ಯಾಬಿನ್ ಆದ್ರೆ ಅಲುಗಾಟ ಕಮ್ಮಿ), ಮಾತ್ರೆ ಹೊತ್ತಿಗೆ ಸರಿಯಾಗಿ ಕೈಗೆ ಸಿಕ್ತಾ. ದೊಡ್ಡ ಬ್ಯಾಗನ್ನ ಹಡಗಿನವರು ಚೆಕ್‌ಇನ್ನಲ್ಲೇ ಇಸ್ಕೊಂಡು ಆಮೇಲೆ ಕ್ಯಾಬಿನ್ನಿಗೆ ಕಳ್ಸ್ತಾರೆ, ಅದಕ್ಕೆ ಬಿಪಿ ಶುಗರ್ ಮಾತ್ರೆ ಯಾವಾಗ್ಲೂ ಕೈಚೀಲದಲ್ಲೇ ಇರ್ಬೇಕು ಅನ್ನೋದು ಆ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇರ್ಲಿ. ಮುಂದಿನ ವರ್ಷ ಹೊರಡೋ ಮುಂಚೆ ಎಲ್ಲರಿಗಿಂತ ಮೊದಲು ತೆಗೆದು ಓದೋದು ಇದೇ ಪುಟ.

ಈಗ ಫೋಟೋ ತೆಗೀಬಹುದು. ಎಲ್ಲರ ಫೋನಿಂದಾನೂ ಒರಿಜಿನಲ್ ಫೈಲ್ ತಗೊಳಿ, ವಾಟ್ಸಾಪಲ್ಲಿ ಫೋಟೋ ಥರ ಕಳ್ಸಿದ್ರೆ ಸೈಜೂ ಕುಗ್ಗತ್ತೆ, ಯಾವಾಗ ಎಲ್ಲಿ ತೆಗೆದಿದ್ದು ಅನ್ನೋ ಮಾಹಿತೀನೂ ಹೋಗ್ಬಿಡತ್ತೆ, ಅದೇ ಡಾಕ್ಯುಮೆಂಟ್ ಥರ ಕಳ್ಸಿದ್ರೆ ಉಳಿಯತ್ತೆ. ಇಲ್ಲಾಂದ್ರೆ ಗೂಗಲ್ ಫೋಟೋಸಲ್ಲಿ ಒಂದು ಶೇರ್ಡ್ ಆಲ್ಬಮ್ ಮಾಡಿ, 15 ಜಿಬಿ ತನಕ ಫ್ರೀ, ಆದ್ರೆ ಅದು ಜಿಮೇಲೂ ಸೇರಿ 15 ಅನ್ನೋದು ನೆನಪಿರ್ಲಿ. ಆರಿಸೋವಾಗ ಜಾಗಕ್ಕಿಂತ ಜನ ಇರೋದನ್ನ ಆರಿಸಿ, ಸೂರ್ಯಾಸ್ತದ ಫೋಟೋ ಜಗತ್ತಲ್ಲಿ ಬೇಕಾದಷ್ಟಿದೆ, ಅತ್ತೆ ಬಾಯಿ ತುಂಬ ನಗ್ತಿರೋದು ಎಲ್ಲೂ ಸಿಗಲ್ಲ. ಮೊದಲ ಸುತ್ತಲ್ಲಿ ಯಾರಾದ್ರೂ ಹೇಳಿದ ಮಾತಿಗೆ ಸಂಬಂಧಪಟ್ಟ ಫೋಟೋ ಇದ್ರೆ, ಶೇಕ್ ಆಗಿದ್ರೂ ಮಸುಕಾಗಿದ್ರೂ ಅದು ಇರ್ಲೇಬೇಕು. ಯಾರಾದ್ರೂ ನಂದು ಬೇಡ ಅಂದ್ರೆ ತೆಗೆದ್ಬಿಡಿ, ವಾದ ಬೇಡ. ಕೊನೆಗೆ ಉಳಿದಿದ್ದನ್ನ ಪ್ರಿಂಟ್ ಹಾಕ್ಸಿ, ಹಿಂದೆ ಹೆಸರು, ಜಾಗ, ತಿಂಗಳು ಪೆನ್ಸಿಲಲ್ಲಿ ಮೆಲ್ಲಗೆ ಬರೀರಿ, ಬಾಲ್‌ಪೆನ್ ಒತ್ತಿದ್ರೆ ಮುಂದೆ ಅಚ್ಚು ಮೂಡತ್ತೆ. ಅಂಟು ಹಾಳೆ ಮೇಲೆ ಪ್ಲಾಸ್ಟಿಕ್ ಎಳೆಯೋ ಥರದ ಹಳೆ ಆಲ್ಬಮ್ ಬೇಡ, ವರ್ಷ ಕಳೀತಾ ಫೋಟೋ ಹಳದಿ ಆಗತ್ತೆ, ಕಿತ್ತರೆ ಹರಿಯತ್ತೆ.

ಟಿಕೆಟು ಬಿಲ್ಲು ಜೋಪಾನ ಮಾಡೋರಿಗೆ ಒಂದು ಮಾತು, ಬಸ್ಸಿನ ಮಿಷಿನ್ ಟಿಕೆಟು, ಹೋಟೆಲ್ ಬಿಲ್ಲು ಎಲ್ಲಾ ಥರ್ಮಲ್ ಪೇಪರ್, ತಾನಾಗೇ ಮಾಸಿಹೋಗತ್ತೆ, ಲ್ಯಾಮಿನೇಷನ್ ಮಾಡ್ಸೋಕೆ ಹೋದ್ರೆ ಬಿಸಿಗೆ ಪೂರ್ತಿ ಕಪ್ಪಾಗತ್ತೆ. ಸಿಕ್ಕಿದ ದಿನಾನೇ ಫೋಟೋ ತೆಗೆದಿಟ್ಕೊಳಿ, ಇಲ್ಲಾ ಜೆರಾಕ್ಸ್ ಮಾಡ್ಸಿ.

ದುಡ್ಡಿನ ಲೆಕ್ಕನೂ ಅವತ್ತೇ ಮುಗ್ಸಿ. ಯಾರು ಎಷ್ಟು ಹಾಕಿದ್ರು, ಯಾರಿಗೆ ಎಷ್ಟು ಕೊಡ್ಬೇಕು, ಮಕ್ಕಳ ಎದುರಿಗೇ. ಟಿಕೆಟ್ ರೇಟು ಬಿಟ್ಟು ಆಟೋ, ಪೋರ್ಟ್ ಚಾರ್ಜು, ಹೊರಡೋ ಮುಂಚೆ ಕೊಂಡ ಚಪ್ಪಲಿ ತನಕ ಬರೆದ್ರೆ ಮಾತ್ರ ನಿಜವಾದ ಖರ್ಚು ಗೊತ್ತಾಗೋದು.

ಇನ್ನೊಂದಿದೆ, ಬರಿಯೋದು ಕಷ್ಟ, ಆದ್ರೂ ಬಿಡಬಾರದು. ವರ್ಷದ ಶುರುವಲ್ಲಿ ಜೊತೆಗಿದ್ದವರು ಕೊನೇಲಿ ಇರದೇ ಹೋಗಬಹುದು. ನಮ್ಮ ದೊಡ್ಡಪ್ಪ ಹೌಸ್‌ಬೋಟಿಗೆ ಬಂದಿದ್ರು, ಯುಗಾದಿ ಹೊತ್ತಿಗೆ ಹೋಗ್ಬಿಟ್ರು. ಅವರ ಫೋಟೋ ಬಂದಾಗ ಎಲ್ಲಾ ಸುಮ್ಮನಾಗಿ ಮುಂದಕ್ಕೆ ತಳ್ಳೋದು ಸಹಜ, ಆದ್ರೆ ಅಲ್ಲೇ ನಿಲ್ಲಿಸಿ ಅಂತೀನಿ. ದೊಡ್ಡಮ್ಮಂಗೆ ಇಷ್ಟ ಇದ್ರೆ ಅವರೇ ಮಾತಾಡ್ಲಿ, ಇಲ್ಲಾಂದ್ರೆ ಬೇರೆಯವರು ದೊಡ್ಡಪ್ಪ ಆ ದಿನ ಏನಂದ್ರು, ಏನ್ ತಿಂದ್ರು ಅಂತ ಹೇಳ್ಲಿ. ಅಳು ಬಂದ್ರೆ ಅಳಲಿ. ವಿಡಿಯೋದಲ್ಲಿ ಅವರ ದನಿ ಇದ್ರೆ ಅದನ್ನ ಬೇರೆ ತೆಗೆದು, ಎರಡು ಮೂರು ಕಡೆ ಕಾಪಿ ಇಡಿ, ಪೆನ್‌ಡ್ರೈವ್ ಒಂದನ್ನೇ ನಂಬ್ಬೇಡಿ. ಬರೋಕಾಗದೇ ಮನೇಲೇ ಉಳಿದ ಅಜ್ಜಿ ತಾತಂಗೆ ಟಿವಿಗೆ ಹಾಕಿ ತೋರ್ಸಿ, ಅವರು ಕೇಳೋ ಪ್ರಶ್ನೆನೂ ಬರ್ಕೊಳಿ.

ಗೊಂಬೆ ಕೂರ್ಸೋ ಮನೆಯವರು ಒಂದು ಮೆಟ್ಟಿಲನ್ನ ವರ್ಷದ ಓಡಾಟಕ್ಕೆ ಬಿಡಿ. ಪಟ್ಟದ ಗೊಂಬೆ ಮೇಲೆ ಹೇಗಿರ್ಬೇಕೋ ಹಾಗೇ ಇರ್ಲಿ, ಕೆಳಗಿನ ಮೆಟ್ಟಿಲಲ್ಲಿ ಮಕ್ಕಳು ರಟ್ಟಲ್ಲಿ ಮಾಡಿದ ಹಡಗು, ಚನ್ನಪಟ್ಟಣದ ರೈಲು, ರಾಗಿ ಮೊಳಕೆ ಬರ್ಸಿ ಮಾಡಿದ ಗದ್ದೆ, ಮಧ್ಯ ತಟ್ಟೆ ನೀರಲ್ಲಿ ರಂಗನತಿಟ್ಟಿನ ಹಕ್ಕಿ. ಗೊಂಬೆ ನೋಡೋಕೆ ಬರೋ ಅಕ್ಕಪಕ್ಕದವರು ಇದೇನು ಅಂತ ಕೇಳ್ತಾರೆ, ಹೇಳೋ ಕೆಲಸ ಮಕ್ಕಳದ್ದು. ಒಂಬತ್ತು ದಿನ ಹೇಳಿ ಹೇಳಿ ಆ ವರ್ಷ ಅವರಿಗೆ ಬಾಯಿಪಾಠ ಆಗಿರತ್ತೆ.

ಏಳೋ ಮುಂಚೆ ಮುಂದಿನ ವರ್ಷಕ್ಕೆ ಒಂದೇ ಒಂದು ಪ್ರಯಾಣ ಗಟ್ಟಿ ಮಾಡ್ಕೊಳಿ, ಮೊದಲ ಸುತ್ತಲ್ಲಿ "ಇನ್ನೂ ಸ್ವಲ್ಪ ಹೊತ್ತು ಇರ್ಬೇಕಿತ್ತು" ಅಂತ ಹಿರಿಯರು ಎಲ್ಲಿಗೆ ಹೇಳಿದ್ರೋ ಅಲ್ಲಿಗೇ. ಟ್ರೈನ್ ಬುಕಿಂಗ್ ಈಗ 60 ದಿನ ಮುಂಚೆಯಿಂದ ಮಾತ್ರ, 2024ರ ನವೆಂಬರಿಂದ ಹಾಗಾಗಿದೆ, ಆ ದಿನ ಯಾವ್ದು ಅಂತ ಕ್ಯಾಲೆಂಡರಲ್ಲಿ ಈಗಲೇ ಸುತ್ತು ಹಾಕಿ. ಹಿರಿಯರ ಟಿಕೆಟನ್ನ ಮನೆಯವರ ಜೊತೆ ಒಟ್ಟಿಗೆ ಮಾಡ್ಬೇಡಿ, ಅವರಿಬ್ಬರದ್ದೇ ಬೇರೆ ಮಾಡಿ, 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಲೋಯರ್ ಬರ್ತ್ ಕೋಟಾ ಇದೆ, ಒಂದು ಟಿಕೆಟಲ್ಲಿ ಇಬ್ಬರ ತನಕ ಸಿಗತ್ತೆ.