ಗಂಡು ಬೆಕ್ಕು ಗೋಡೆ, ಪರದೆಗೆಲ್ಲಾ ಸ್ಪ್ರೇ ಮಾಡ್ತಿದ್ಯಾ? ಆಪರೇಷನ್‌ನಿಂದ ಹಿಡಿದು ಕ್ಲೀನಿಂಗ್‌ವರೆಗೆ ಮಾಡ್ಬೇಕಾದ್ದು ಇಷ್ಟು

ಬೆಕ್ಕು ಪರದೆ ಹತ್ರ ಹೋಗಿ ಮೂಸುತ್ತೆ, ತಿರುಗಿ ಅದಕ್ಕೆ ಹಿಂಭಾಗ ಕೊಟ್ಟು ನಿಲ್ಲುತ್ತೆ, ಬಾಲ ನೆಟ್ಟಗೆ ಮೇಲಕ್ಕೇಳುತ್ತೆ, ಬಾಲ ಸಣ್ಣಗೆ ನಡುಗ್ತಾ ಇರುತ್ತೆ, ಹಿಂಗಾಲು ಎರಡೂ ನಿಂತಲ್ಲೇ ತುಳೀತಾ ಇರ್ತವೆ, ಚಿರ್ ಅಂತ ಸ್ವಲ್ಪ ಹಾರುತ್ತೆ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಟುಬಿಡುತ್ತೆ. ಇದೇ ಸ್ಪ್ರೇ, ಅಂದ್ರೆ ಉಚ್ಚೆ ಹಾರಿಸಿ ಇದು ನನ್ನ ಜಾಗ ಅಂತ ಗುರುತು ಹಾಕೋದು. ನಮ್ಮನೇಲಿ ಮೊದಲ ಸಲ ಇದನ್ನ ನೋಡಿದಾಗ ಬೇಕಂತಲೇ ಮಾಡ್ತಿದೆ ಅಂದ್ಕೊಂಡು ಚೆನ್ನಾಗಿ ಬೈದಿದ್ದೆ, ಪಾಪ ಅದು ಎರಡು ದಿನ ಮಂಚದ ಕೆಳಗಿಂದ ಆಚೆ ಬರ್ಲಿಲ್ಲ, ಹೆದರಿದ ಬೆಕ್ಕು ಇನ್ನೂ ಜಾಸ್ತಿ ಸ್ಪ್ರೇ ಮಾಡುತ್ತೆ ಅಂತ ನಂಗೆ ಆಮೇಲೆ ಗೊತ್ತಾಯ್ತು. ಹಾಗಾಗಿ ಮೊದಲೇ ಹೇಳ್ಬಿಡ್ತೀನಿ, ಬೈಬೇಡಿ, ಹೊಡೀಬೇಡಿ, ಮೂತಿ ಹಿಡಿದು ಉಚ್ಚೆಗೆ ತಿಕ್ಕೋದಂತೂ ಬೇಡ್ವೇ ಬೇಡ.

ಮೊದಲು, ಅದು ಸ್ಪ್ರೇನಾ ಅಲ್ವಾ ನೋಡ್ಕೊಳ್ಳಿ

ಗೋಡೆ, ಬಾಗಿಲು, ಸೋಫಾ ಪಕ್ಕ ಹೀಗೆ ನೆಟ್ಟಗಿರೋ ಜಾಗಕ್ಕೆ ನಿಂತ್ಕೊಂಡು ಸ್ವಲ್ಪ ಹಾರಿಸಿದ್ರೆ ಅದು ಸ್ಪ್ರೇ. ನೆಲದ ಮೇಲೋ ಹಾಸಿಗೆ ಮೇಲೋ ಕೂತ್ಕೊಂಡು ತುಂಬಾ ಮಾಡಿದ್ರೆ ಅದು ಬೇರೆ ಸಮಸ್ಯೆ, ಲಿಟರ್ ಬಾಕ್ಸ್ (ಬೆಕ್ಕು ಕಕ್ಕ-ಉಚ್ಚೆ ಮಾಡೋಕೆ ಮರಳಿನಂಥ ಪುಡಿ ಹಾಕಿಡೋ ಡಬ್ಬಿ) ಗಲೀಜಾಗಿರಬಹುದು ಅಥವಾ ಹುಷಾರಿಲ್ದೆ ಇರಬಹುದು. ಇನ್ನೊಂದು ಮಾತು ದಯವಿಟ್ಟು ನೆನಪಿಡಿ, ಗಂಡು ಬೆಕ್ಕು ಪದೇ ಪದೇ ಕೂತು ತಿಣುಕಿದ್ರೂ ಹನಿ ಹನಿ ಬರ್ತಿದೆ ಅಥವಾ ಏನೂ ಬರ್ತಿಲ್ಲ ಅಂದ್ರೆ ಮೂತ್ರನಾಳ ಕಟ್ಕೊಂಡಿರಬಹುದು, ಗಂಡು ಬೆಕ್ಕುಗಳಿಗೆ ಆ ನಾಳ ತುಂಬಾ ಕಿರಿದು, ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ನಾಳೆ ನೋಡೋಣ ಅನ್ಬೇಡಿ, ರಾತ್ರಿ ಆಗಿದ್ರೂ ವೆಟ್ (ಪಶುವೈದ್ಯರು) ಹತ್ರ ಓಡಿ.

ಆಪರೇಷನ್ ಮಾಡಿಸ್ಬೇಕಾ?

ಮರಿ ಹಾಕ್ಸೋ ಯೋಚನೆ ಇಲ್ಲ ಅಂದ್ರೆ ಬೀಜ ತೆಗೆಸೋ ಆಪರೇಷನ್ ಮಾಡಿಸಿ, ನನ್ನ ಮಟ್ಟಿಗೆ ಇದ್ರಲ್ಲಿ ಎರಡು ಮಾತಿಲ್ಲ. ಗಂಡು ಬೆಕ್ಕಿನ ಉಚ್ಚೆಗೆ ಆ ಗಬ್ಬು ನಾತ ಬರೋದು ಫೆಲಿನೈನ್ ಅನ್ನೋ ಅಮೈನೋ ಆಮ್ಲದಿಂದ, ಅದು ಒಡೆದು ಗಂಧಕ ಇರೋ ವಾಸನೆ ಪದಾರ್ಥ ಆಗುತ್ತೆ, ಟೆಸ್ಟೋಸ್ಟೆರಾನ್ ಇದ್ದಷ್ಟೂ ಫೆಲಿನೈನ್ ಜಾಸ್ತಿ. ಬೀಜ ತೆಗೆಸಿದ್ರೆ ಹಾರ್ಮೋನ್ ಇಳಿಯುತ್ತೆ, ನಾತ ಇಳಿಯುತ್ತೆ, ಹೊರಗೆ ಅಲೆಯೋದು ಕಚ್ಚಾಡೋದು ಕಡಿಮೆ ಆಗುತ್ತೆ, ಕಚ್ಚಿದ ಗಾಯದಿಂದ ಹರಡೋ, ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸೋ ಎಫ್‌ಐವಿ ವೈರಸ್ ಭಯಾನೂ ಕಡಿಮೆ. ಹತ್ತರಲ್ಲಿ ಸುಮಾರು ಒಂಬತ್ತು ಬೆಕ್ಕು ಸ್ಪ್ರೇ ನಿಲ್ಲಿಸ್ತವೆ ಅಥವಾ ತುಂಬಾ ಕಡಿಮೆ ಮಾಡ್ತವೆ. ಉಳಿದ ಆ ಒಂದು ಬೆಕ್ಕಿನ ವಿಷಯ ಕೆಳಗೆ ಬರುತ್ತೆ.

ವಯಸ್ಸು 5 ತಿಂಗಳು ತುಂಬೋದ್ರೊಳಗೆ ಆದ್ರೆ ಒಳ್ಳೇದು, ಯಾಕಂದ್ರೆ ಸ್ಪ್ರೇ ಒಂದ್ಸಲ ಅಭ್ಯಾಸ ಆಗ್ಬಿಟ್ರೆ ಹಾರ್ಮೋನ್ ಹೋದ್ರೂ ಅಭ್ಯಾಸ ಉಳ್ಕೋಬಹುದು. ದೊಡ್ಡ ಬೆಕ್ಕಿಗೆ ಮಾಡಿಸಿದ್ರೂ ಪ್ರಯೋಜನ ಇದೆ. ಬೇಗ ಮಾಡಿಸಿದ್ರೆ ಮೂತ್ರನಾಳ ಸಣ್ಣ ಆಗುತ್ತೆ ಅಂತ ಹೇಳೋರಿದ್ದಾರೆ, ಅದು ಹಾಗಲ್ಲ. ದಪ್ಪ ಆಗುತ್ತೆ ಅನ್ನೋದು ಮಾತ್ರ ನಿಜ, ಹಸಿವು ಜಾಸ್ತಿ ಆಗುತ್ತೆ, ದೇಹಕ್ಕೆ ಬೇಕಾಗೋದು ಕಡಿಮೆ ಆಗುತ್ತೆ, ಅದಕ್ಕೆ ಊಟ ಅಳತೆ ಮಾಡಿ ಹಾಕಿ.

ಬೀಜ ಎರಡೂ ಕೆಳಗೆ ಇಳಿದಿದ್ಯಾ ಅಂತ ವೆಟ್ ಹತ್ರ ಕೇಳಿ. ಒಂದು ಹೊಟ್ಟೆಯೊಳಗೇ ಉಳಿದ್ರೆ ಅದು ಹಾರ್ಮೋನ್ ಮಾಡ್ತಾನೇ ಇರುತ್ತೆ, ಹುಡುಕಿ ತೆಗೀಲೇಬೇಕು.

ಆಪರೇಷನ್ ಆದ್ಮೇಲೆ

ಅನಸ್ತೇಷಿಯಾ ಕೊಟ್ಟು ಮಾಡೋ ಸಣ್ಣ ಆಪರೇಷನ್ ಇದು, ಸಾಮಾನ್ಯವಾಗಿ ಹೊರಗೆ ಹೊಲಿಗೆ ಕೂಡ ಇರಲ್ಲ. ಮನೆಗೆ ತಂದ್ಮೇಲೆ ಬೆಚ್ಚಗಿನ ಒಂದು ರೂಮಲ್ಲಿ ಬಿಡಿ, ನೆಕ್ಕದ ಹಾಗೆ ಕತ್ತಿಗೆ ಕೋನ್ ಹಾಕಿ, ಕೆಲವು ದಿನ ಲಿಟರ್ ಬದಲು ಹರಿದ ಪೇಪರ್ ಹಾಕಿ, ಇಲ್ಲಾಂದ್ರೆ ಗಾಯಕ್ಕೆ ಪುಡಿ ಮೆತ್ಕೊಳ್ಳುತ್ತೆ. ಊತ, ರಕ್ತ, ಕೀವು ಕಂಡ್ರೆ ಫೋನ್ ಮಾಡಿ. ನೋವಿಗೆ ಅಂತ ಮನೇಲಿರೋ ಪ್ಯಾರಾಸಿಟಮಾಲ್ ಕೊಡ್ಬೇಡಿ, ಒಂದೇ ಮಾತ್ರೆ ಬೆಕ್ಕನ್ನ ಸಾಯಿಸಬಹುದು.

ಹಾರ್ಮೋನ್ ಒಂದೇ ದಿನಕ್ಕೆ ಹೋಗಲ್ಲ. ಕೆಲವು ವಾರ ಸ್ಪ್ರೇ ಮುಂದುವರೀಬಹುದು, ಅಷ್ಟರಲ್ಲಿ ಹೆಣ್ಣು ಬೆಕ್ಕಿನ ಜೊತೆ ಬಿಟ್ರೆ ಗಬ್ಬನೂ ಆಗಬಹುದು, ಅದಕ್ಕೆ ಒಂದು ತಿಂಗಳಾದ್ರೂ ದೂರ ಇಡಿ.

ವಾಸನೆ ಬೇರು ಸಮೇತ ತೆಗೀರಿ

ಇದನ್ನ ಜನ ಹಗುರವಾಗಿ ತಗೋತಾರೆ, ಆದ್ರೆ ಅರ್ಧ ಕೆಲಸ ಇರೋದೇ ಇಲ್ಲಿ. ನಮಗೆ ವಾಸನೆ ಹೋಯ್ತು ಅನ್ಸಿದ್ರೂ ಬೆಕ್ಕಿನ ಮೂಗಿಗೆ ಹೋಗಿರಲ್ಲ, ಹಳೇ ಗುರುತು ಮಾಸ್ತಿದೆ ಅನ್ಸಿದ್ರೆ ಅದೇ ಜಾಗಕ್ಕೆ ಬಂದು ಮತ್ತೆ ಹೊಸದಾಗಿ ಹಾಕುತ್ತೆ. ರಾತ್ರಿ ಲೈಟ್ ಆರಿಸಿ ಯುವಿ ಟಾರ್ಚ್ ಹಿಡಿದು ನೋಡಿ, ನಾವು ಹಾಗೆ ನೋಡಿದಾಗ ಬರೀ ಪರದೆ ಅಂದ್ಕೊಂಡಿದ್ವಿ, ಕುರ್ಚಿ ಕಾಲು, ಬೀರು ಪಕ್ಕ, ಚಪ್ಪಲಿ ಸ್ಟ್ಯಾಂಡ್ ಎಲ್ಲಾ ಕಡೆ ಕಲೆ ಹೊಳೀತಿತ್ತು. ಉಚ್ಚೆಯ ವಾಸನೆ ಪದಾರ್ಥಗಳನ್ನ ಒಡೆಯೋ ಎನ್‌ಜೈಮ್ ಕ್ಲೀನರ್ ಹಾಕಿ, ಡಬ್ಬಿ ಮೇಲೆ ಹೇಳಿರೋಷ್ಟು ಹೊತ್ತು ನೆನೆಯೋಕೆ ಬಿಟ್ಟು ಒರೆಸಿ. ಅಮೋನಿಯ ಇರೋದು ಬೇಡ, ಬೆಕ್ಕಿಗೆ ಅದೂ ಉಚ್ಚೆ ಥರಾನೇ ಅನ್ಸುತ್ತೆ. ಬ್ಲೀಚ್ ಬೇಡ, ಉಚ್ಚೆ ಜೊತೆ ಸೇರಿ ವಿಷಗಾಳಿ ಬರುತ್ತೆ. ಫಿನಾಯಿಲ್ ಅಂತೂ ಮುಟ್ಲೇಬೇಡಿ, ಬೆಕ್ಕಿನ ದೇಹಕ್ಕೆ ಫೀನಾಲ್ ಅರಗಿಸಿಕೊಳ್ಳೋ ಶಕ್ತಿ ಇಲ್ಲ, ಒರೆಸಿದ ನೆಲದಲ್ಲಿ ನಡೆದು ಕಾಲು ನೆಕ್ಕಿದ್ರೂ ವಿಷ ಏರಬಹುದು.

ಆದ್ರೂ ನಿಲ್ಲದಿದ್ರೆ

ಎಲ್ಲಿ ಹಾರಿಸ್ತಿದೆ ಅನ್ನೋದೇ ಕಾರಣ ಹೇಳ್ಬಿಡುತ್ತೆ. ಕಿಟಕಿ, ಬಾಗಿಲ ಹತ್ರ ಅಂದ್ರೆ ಹೊರಗಿನ ಬೆಕ್ಕು ಬರ್ತಿದೆ ಅಂತ, ಕಿಟಕಿಯ ಕೆಳಭಾಗಕ್ಕೆ ಆಚೆ ಕಾಣದಿರೋ ಸ್ಟಿಕ್ಕರ್ ಅಂಟಿಸಿ. ಮನೆಯೊಳಗಿನ ಓಡಾಡೋ ಜಾಗದಲ್ಲಿ ಅಂದ್ರೆ ಮನೆ ಬೆಕ್ಕುಗಳ ನಡುವೆಯೇ ಕಿರಿಕ್ ಇರಬಹುದು. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಜಾಸ್ತಿ ಲಿಟರ್ ಬಾಕ್ಸ್ ಇಡಿ, ಎಲ್ಲಾ ಒಂದೇ ಮೂಲೇಲಿ ಬೇಡ, ಊಟ ನೀರು ಬೇರೆ ಬೇರೆ ಕಡೆ ಇಡಿ, ಹತ್ತಿ ಕೂರೋಕೆ ಎತ್ತರದ ಜಾಗ ಕೊಡಿ. ಫೆರೊಮೋನ್ ಡಿಫ್ಯೂಸರ್ (ಬೆಕ್ಕನ್ನ ಸಮಾಧಾನ ಮಾಡೋ ವಾಸನೆ ಬಿಡೋ ಪ್ಲಗ್) ಬೆಕ್ಕು ಸ್ಪ್ರೇ ಮಾಡೋ ರೂಮಲ್ಲೇ ಹಾಕಿ ಒಂದು ತಿಂಗಳು ನೋಡಿ.

ಇದ್ಯಾವುದಕ್ಕೂ ಬಗ್ಗದಿದ್ರೆ ವೆಟ್ ಆತಂಕ ಇಳಿಸೋ ಫ್ಲುಯಾಕ್ಸೆಟಿನ್ ಥರದ ಔಷಧಿ ಬರೆದುಕೊಡಬಹುದು, ಪೂರ್ತಿ ಪರಿಣಾಮ ಕಾಣೋಕೆ ಕೆಲವು ವಾರ ಬೇಕು, ನಡುವೆ ನೀವಾಗಿ ನಿಲ್ಲಿಸ್ಬೇಡಿ. ಹೋಗೋ ಮುಂಚೆ ಎರಡು ವಾರ ಯಾವ ದಿನ, ಎಷ್ಟೊತ್ತಿಗೆ, ಯಾವ ಜಾಗದಲ್ಲಿ, ಆಗ ಮನೇಲಿ ಏನು ನಡೀತಿತ್ತು ಅಂತ ಒಂದು ಹಾಳೇಲಿ ಬರೆದಿಟ್ಕೊಂಡು ಅದನ್ನೇ ವೆಟ್ ಕೈಗೆ ಕೊಡಿ.