ಖಾಲಿ ಹಾಳಿಗೆ ಸಹಿ ಮಾಡಬ್ಯಾಡ್ರಿ

ಪುಣೆಯ ಒಂದು ಬ್ಯಾಂಕಿನ ಪಿಂಚಣಿ ಕೌಂಟರಿನಲ್ಲಿ ಕೂತು ವರ್ಷಗಟ್ಟಲೆ ನಾನು ಮಾಡಿದ್ದು ಸಹಿ ತಾಳೆ ನೋಡುವ ಕೆಲಸ. ನವೆಂಬರ್ ಬಂತೆಂದರೆ ಲೈಫ್ ಸರ್ಟಿಫಿಕೇಟ್ ಕೊಡಲು ನಿವೃತ್ತ ಸೈನಿಕರ ಸಾಲು. ದಿಘಿ, ಖಡಕಿ, ವಾನವಡಿ ಕಡೆಯಿಂದ ಬರುತ್ತಿದ್ದರು. ಕೈ ನಡುಗುತ್ತಿತ್ತು, ಸಹಿ ಹೊಂದುತ್ತಿರಲಿಲ್ಲ. ‘ಇನ್ನೊಂದ್ಸಲ ಮಾಡಿ’ ಅಂತ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ನಿವೃತ್ತನಾದ ಮೇಲೆ ಅದೇ ಸಹಿಗಳ ಹಿಂದೆ ಬಿದ್ದೆ, ಹಳೇ ಸೈನಿಕರ ಸಹಿ ಕೂಡಿಡುವ ಹವ್ಯಾಸ. ‘ಬ್ಯಾಂಕ್ ಬಿಟ್ರೂ ಸಹಿ ಬಿಡಲಿಲ್ಲ’ ಅಂತ ಮನೆಯವಳು ನಗುತ್ತಾಳೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಕಿನ ದಾಖಲೆಯಿಂದ ಒಬ್ಬರ ವಿಳಾಸವನ್ನೂ ನಾನು ತಂದಿಲ್ಲ. ಎಲ್ಲ ಪರಿಚಯದವರಿಂದ ಪರಿಚಯ. ಪುಣೆಯಲ್ಲಿ ಬೆಳಗಾವಿ, ವಿಜಯಪುರ ಕಡೆಯ ಮಂದಿಗೆ ಬರವಿಲ್ಲ. ಅವರಲ್ಲಿ ಯಾರ ಮಾವನೋ, ಯಾರ ಕಾಕಾನೋ ಫೌಜಿನಲ್ಲಿ ಇದ್ದೇ ಇರುತ್ತಾರೆ.

ಮೊದಲ ಮನೆ ದಿಘಿಯಲ್ಲಿ. ಗೋಕಾಕ ಕಡೆಯ ಹವಾಲ್ದಾರರು. ನಾನು ಒಳ್ಳೆಯ ದಪ್ಪ ಬಿಳಿ ಕಾಗದ ಒಯ್ದಿದ್ದೆ. ಚಹಾ ಬಂತು, ಮಾತಾಯಿತು, ಕಾಗದ ತೆಗೆದೆ. ಒಳಗಿನಿಂದ ಅವರ ಹೆಂಡತಿ, ಕಾಕು, ಕೂಗಿದರು: ‘ಏನ್ರೀ, ಖಾಲಿ ಹಾಳಿಗೆ ಸಹಿ ಮಾಡಬ್ಯಾಡ್ರಿ!’

ಕಾಕಾ ನಕ್ಕರು. ‘ನನ್ನ ಹೆಸರಲೇ ಸಾಲ ತಗೀತಿಯೇನೊ?’ ಅಂದರು. ಸಹಿ ಮಾತ್ರ ಮಾಡಲಿಲ್ಲ.

ಕಾಕುದೇ ಸರಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ ಅಂತ ಕೌಂಟರಿನಲ್ಲಿ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವನು ನಾನೇ ಅಲ್ವಾ! ಅಂದಿನಿಂದ ಖಾಲಿ ಕಾಗದ ಒಯ್ಯುವುದನ್ನೇ ಬಿಟ್ಟೆ. ಈಗ ಅಂಚೆ ಲಕೋಟೆ ಒಯ್ಯುತ್ತೇನೆ. ಅದೂ 1971ರ ಯುದ್ಧದ ಕಾಲದ್ದೇ. ಪೂರ್ವ ಪಾಕಿಸ್ತಾನದಿಂದ ಬಂದವರಿಗಾಗಿ ಆ ವರ್ಷದ ನವೆಂಬರ್ 15ರಿಂದ ಅಂಚೆಗೆ 5 ಪೈಸೆಯ ನಿರಾಶ್ರಿತರ ಪರಿಹಾರ ತೆರಿಗೆ ಬಂತು. ಕುಟುಂಬ ಯೋಜನೆಯ 5 ಪೈಸೆ ಅಂಚೆ ಚೀಟಿಯ ಮೇಲೆ ‘ರೆಫ್ಯೂಜಿ ರಿಲೀಫ್’ ಅಂತ ಅಚ್ಚು ಹಾಕಿ ಮಾರಿದರು. ಅಚ್ಚಿನ ಚೀಟಿ ಸಾಲದ ಕಡೆ ಅಂಚೆ ಕಚೇರಿಯವರೇ ರಬ್ಬರ್ ಮೊಹರು ಒತ್ತಿದರು. ಅಂಥ ಚೀಟಿಯ ಹಳೇ ಲಕೋಟೆಗಳು ಇವತ್ತಿಗೂ ದುಬಾರಿಯಲ್ಲ. ಬುಧವಾರ, ಭಾನುವಾರದ ಜುನಾ ಬಾಜಾರಿನಲ್ಲಿ ಹಳೇ ಕಾಗದದ ರಾಶಿ ಕೆದಕಿದರೆ ಸಿಗುತ್ತವೆ. ಮೊಹರಿನ ತಾರೀಖು ಡಿಸೆಂಬರ್ 71 ಅಂತಿದ್ದರೆ ಮುದುಕರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ. ಮಾತು ತಾನಾಗಿ ಹೊರಡುತ್ತದೆ. ಸಹಿ ಎಡಗಡೆ ಕೆಳಮೂಲೆಯಲ್ಲಿರಲಿ, ಚೀಟಿಯ ಮೇಲೆ ಬೇಡ.

ಗೋಕಾಕದ ಕಾಕಾನ ಮನೆಗೆ ಎರಡನೇ ಸಲ ಹೋದಾಗ ಇನ್ನೂ ದೊಡ್ಡ ತಪ್ಪು ಮಾಡಿದೆ. ಢಾಕಾದಲ್ಲಿ ಜನರಲ್ ಅರೋರಾ ಪಕ್ಕದಲ್ಲಿ ಕೂತು ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕುವ ಫೋಟೋ ಇದೆಯಲ್ಲ, ಎಲ್ಲರೂ ನೋಡಿರುವಂಥದ್ದು, ಅದರ ಪ್ರಿಂಟ್ ಒಯ್ದಿದ್ದೆ. ಕಾಕಾ ಕನ್ನಡಕ ಹಾಕಿಕೊಂಡು ನೋಡಿದರು. ವಾಪಸ್ ಕೊಟ್ಟರು.

‘ಢಾಕಾ ನಾ ನೋಡೇ ಇಲ್ಲ. ಅವತ್ತ ನಾ ಶಕರ್‌ಗಡದಾಗ ಇದ್ದೆ. ಇದಕ್ಕ ನಾ ಯಾಕ ಸಹಿ ಮಾಡ್ಲಿ?’

ಡಿಸೆಂಬರ್ 16 ಅಂದರೆ ನಮಗೆಲ್ಲ ಢಾಕಾ ಒಂದೇ. ಆದರೆ ಅದೇ ದಿನ ಪಶ್ಚಿಮದಲ್ಲಿ, ಶಕರ್‌ಗಡದ ಕಡೆ ಬಸಂತರ್ ನದಿಯ ಆಚೆ, ಟ್ಯಾಂಕುಗಳ ಕಾಳಗ ನಡೆದಿತ್ತು. ಪೂನಾ ಹಾರ್ಸ್ ಅನ್ನುವ ಟ್ಯಾಂಕ್ ರೆಜಿಮೆಂಟಿನ ಅರುಣ್ ಖೇತ್ರಪಾಲ್ ಸತ್ತಿದ್ದು ಅಂದೇ, 21ರ ವಯಸ್ಸಿನಲ್ಲಿ. ಆ ಹುಡುಗ ಹುಟ್ಟಿದ್ದು ನಮ್ಮ ಪುಣೆಯಲ್ಲೇ. ಪರಮವೀರ ಚಕ್ರ ಆಮೇಲೆ ಬಂತು. ಇಷ್ಟೂ ಗೊತ್ತಿದ್ದು ಢಾಕಾದ ಫೋಟೋ ಹಿಡಿದುಕೊಂಡು ಹೋಗಿದ್ದೆನಲ್ಲ!

ಕಪಾಟು ನೋಡಿದ್ದರೂ ಸಾಕಿತ್ತು. ಗಾಜಿನ ಹಿಂದೆ ಕಾಕಾನ ಪದಕಗಳಿದ್ದವು. 1965ರ ಯುದ್ಧದವರಿಗೆ ಸಮರ್ ಸೇವಾ ಸ್ಟಾರ್, ರಕ್ಷಾ ಮೆಡಲ್. 71ರಲ್ಲಿ ಪೂರ್ವದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್. ಇವನ್ನು ಗುರುತಿಸಲು ಕಲಿತರೆ ಯಾರ ಮುಂದೆ ಏನು ಇಡಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ. ಪದಕದ ಅಂಚಿನಲ್ಲಿ ನಂಬರು, ಹೆಸರು ಕೊರೆದಿರುತ್ತದೆ. ಜುನಾ ಬಾಜಾರಿನಲ್ಲಿ ಒಮ್ಮೆ ಹಿತ್ತಾಳೆ ಬೀಗಗಳ ನಡುವೆ ಒಂದು ರಕ್ಷಾ ಮೆಡಲ್ ಬಿದ್ದಿತ್ತು, ಹೆಸರಿನ ಸಮೇತ. ಕೊಳ್ಳಲು ಮನಸ್ಸಾಗಲಿಲ್ಲ. ಕೊಂಡು ಆ ಮನೆಯವರನ್ನು ಹುಡುಕಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಪೆನ್ನಿನ ವಿಷಯಕ್ಕೆ ಬರೋಣ. ಜೆಲ್ ಪೆನ್ ಬೇಡವೇ ಬೇಡ. ಜುಲೈ ತಿಂಗಳ ಪುಣೆಯ ಗಾಳಿಗೆ ಒಂದು ಸಹಿ ಪೂರ್ತಿ ನೀಲಿ ಮಚ್ಚೆಯಾಯಿತು. ಇನ್ನೊಂದನ್ನು ಜೋಪಾನ ಮಾಡಲು ಹೋಗಿ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ಬಿಸಿಗೆ ಶಾಯಿ ಹರಡಿತು, ಲಕೋಟೆ ಸುಕ್ಕಾಯಿತು. ಬಿಡಿಸಲು ಆಗುವುದೇ ಇಲ್ಲ. ವಾಯುಪಡೆಯ ಒಬ್ಬರ ಸಹಿ ಅದು. ಈಗ ಅವರಿಲ್ಲ. ಇವತ್ತಿಗೂ ಆ ಪುಟ ತೆಗೆದರೆ ಹೊಟ್ಟೆ ಉರಿಯುತ್ತದೆ. ಈಗ ನನ್ನ ಬಳಿ ಇರುವುದು ಪಿಗ್ಮೆಂಟ್ ಶಾಯಿಯ ಕಪ್ಪು ಪೆನ್ನು. ನೀರು ಬಿದ್ದರೂ ಹರಡುವುದಿಲ್ಲ, ಬೇಗ ಮಾಸುವುದಿಲ್ಲ. ತುದಿ ತೀರಾ ಸಣ್ಣದಿರಬಾರದು, ನಡುಗುವ ಕೈಗೆ ಹಳೇ ಕಾಗದ ಹರಿಯುತ್ತದೆ. ಮಕ್ಕಳು ಪರೀಕ್ಷೆಗೆ ಒಯ್ಯುವ ಪ್ಯಾಡ್ ಒಂದು ಚೀಲದಲ್ಲಿ ಇರಲಿ. ಪಿವಿಸಿ ಆಲ್ಬಮ್ ಅಂಟಂಟಾಗಿ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಕವರ್ ತಗೊಳ್ಳಿ, ಜಾಸ್ತಿ ದುಡ್ಡಾದರೂ.

ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರವಿದೆ. ಅನುಮತಿ ಪಡೆದು ಹೋಗಿದ್ದೆ. ಮೊದಲ ದಿನ ಪೆನ್ನು ತೆಗೆಯಲಿಲ್ಲ, ಸುಮ್ನೆ ಕೂತು ಕ್ರಿಕೆಟ್ ನೋಡಿ ಬಂದೆ. ಎರಡನೇ ಸಲ ಒಬ್ಬರು ತಾವಾಗಿ ಕೇಳಿ, ಪೆನ್ನನ್ನು ಹಲ್ಲಲ್ಲಿ ಕಚ್ಚಿ ಸಹಿ ಮಾಡಿದರು. ನಾನು ಪ್ಯಾಡ್ ಹಿಡಿಯಲು ಮುಂದೆ ಬಾಗಿದೆ. ಅವರು ತಲೆ ಅಲ್ಲಾಡಿಸಿ ಬೇಡವೆಂದರು. ಅಕ್ಷರ ನನ್ನದಕ್ಕಿಂತ ಚೆಂದ.

ಹುದ್ದೆ ಕೇಳಿಕೊಂಡೇ ಬರೆಯಿರಿ. ಆನರರಿ ಕ್ಯಾಪ್ಟನ್ ಒಬ್ಬರನ್ನು ನಾನು ‘ಸುಬೇದಾರ್ ಸಾಬ್’ ಅಂದುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಮಗ ತಿದ್ದಿದ. ದುಡ್ಡಿನ ಮಾತು ಎಲ್ಲೂ ಬಂದಿಲ್ಲ. ಮೊದಲು ಧಾರವಾಡ ಪೇಡೆ ಒಯ್ಯುತ್ತಿದ್ದೆ. ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ. ಈಗ ಹಚ್ಚಿದ ಚುರಮುರಿ.

ಕಾಕಾನ ಮನೆಗೆ ಮೂರನೇ ಸಲ ಹೋದಾಗ ‘ಕೇರಾಫ್ 56 ಎಪಿಒ’ ಅಂತ ಸೈನ್ಯದ ಅಂಚೆ ವಿಳಾಸ ಬರೆದಿದ್ದ ಒಂದು ಹಳೇ ಲಕೋಟೆ ಮೇಜಿನ ಮೇಲಿಟ್ಟೆ. ಯಾರದೋ ಏನೋ, ಜುನಾ ಬಾಜಾರಿನದು. ಕಾಕಾ ಬಾಯಿ ಬಿಡುವ ಮೊದಲೇ ಕಾಕು ಎದ್ದು ಒಳಗೆ ಹೋದರು. ಟ್ರಂಕಿನ ಸಪ್ಪಳ ಕೇಳಿತು. ಅವರೂ ಒಂದು ಲಕೋಟೆ ತಂದರು. ಅದೇ 56 ಎಪಿಒ, ಕನ್ನಡದಲ್ಲಿ ಬರೆದು ಕೆಳಗೆ ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿದ್ದು.

‘ಈ ಕನ್ನಡ ನಂದು,’ ಅಂದರು. ‘ಇಂಗ್ಲಿಷ್ ನಮ್ಮ ಮಾಸ್ತರದು.’

ಕಾಕಾ ಪೆನ್ನು ಕೇಳಿ ಪಡೆದರು. ಎಡಗಡೆ ಕೆಳಮೂಲೆಯಲ್ಲಿ ಸಹಿ ಮಾಡಿ ಪೆನ್ನನ್ನು ಕಾಕುಗೆ ಕೊಟ್ಟರು. ಅವರು ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದರು.

ಶಾಯಿ ಒಣಗುವ ತನಕ ಯಾರೂ ಮಾತಾಡಲಿಲ್ಲ. ಆಮೇಲೆ ಕಾಕು ಲಕೋಟೆ ಎತ್ತಿಕೊಂಡು ಮತ್ತೆ ಟ್ರಂಕಿಗೆ ಹಾಕಿದರು. ನಾನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಿದ್ದೆ, ಅಷ್ಟೇ. ನಾನು ಒಯ್ದಿದ್ದ ಲಕೋಟೆಗೂ ಕಾಕಾ ಒಂದು ಸಹಿ ಮಾಡಿಕೊಟ್ಟರು.