ಬೇರೆ ಗಾಡಿಯ ಚಲನ್ ನಮ್ಮ ಹೆಸರಿಗೆ: ವರ್ಚುವಲ್ ಕೋರ್ಟಿನಲ್ಲಿ ಹುಡುಕಿ ಉತ್ತರಿಸಿದ ಬಗೆ

ಹೆಲ್ಮೆಟ್ ಇಲ್ಲದ ಸವಾರಿಗೆ ಚಲನ್ ಬಂದಿತ್ತು, ಫೋಟೊದಲ್ಲಿದ್ದದ್ದು ಬೇರೆ ಸ್ಕೂಟರ್. ಪ್ಲೇಟಿನ 3 ಅನ್ನು ಕ್ಯಾಮೆರಾ 8 ಎಂದು ಓದಿತ್ತು, ಅಷ್ಟೇ.

ಎಸ್ಸೆಮ್ಮೆಸ್ಸಿನ ಲಿಂಕ್ ಒತ್ತಲಿಲ್ಲ. ಲಿಂಕಿನ ವಿಳಾಸ ಜಿಒವಿ ಡಾಟ್ ಇನ್ ಎಂದು ಮುಗಿಯದಿದ್ದರೆ ಅದು ಮೋಸವಿರಬಹುದು. ವಾಟ್ಸಾಪಿನಲ್ಲಿ ಬರುವ ಎಪಿಕೆ (ಫೋನಿಗೆ ಆ್ಯಪ್ ಹಾಕುವ) ಫೈಲಂತೂ ಮುಟ್ಟಲೇಬಾರದು. ಸಾರಿಗೆ ಇಲಾಖೆಯ ಪರಿವಾಹನ ತಾಣದ ಇ-ಚಲನ್ ಪುಟಕ್ಕೆ ನೇರವಾಗಿ ಹೋಗಿ, ಗಾಡಿ ನಂಬರ್ ಜೊತೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿ ಕೊಟ್ಟರೆ ಚಲನ್ ಸಿಗುತ್ತದೆ. ಆರ್‌ಸಿಯಲ್ಲಿ ಹಳೆಯ ಮೊಬೈಲ್ ನಂಬರ್ ಇದ್ದರೆ ಒಟಿಪಿ ಅಲ್ಲಿಗೇ ಹೋಗುತ್ತದೆ. ಹೆಚ್ಚಿನವರು ಸಿಕ್ಕಿಕೊಳ್ಳುವುದೇ ಇಲ್ಲಿ. ಮೊದಲು ಅದನ್ನು ಬದಲಿಸಿಕೊಳ್ಳಿ.

ಚಲನ್ ಕೋರ್ಟಿಗೆ ಹೋಗಿದ್ದರೆ ಇಂಥ ಪ್ರಕರಣಗಳನ್ನು ಆನ್‌ಲೈನಿನಲ್ಲೇ ನೋಡುವ ವರ್ಚುವಲ್ ಕೋರ್ಟ್ಸ್ ತಾಣದಲ್ಲಿ ಕರ್ನಾಟಕದ ಸಂಚಾರ ವಿಭಾಗ ಆರಿಸಿ, ಚಲನ್ ಅಥವಾ ಗಾಡಿ ನಂಬರ್ ಹಾಕಿ. ಅಲ್ಲಿ ಎರಡು ದಾರಿ: ದಂಡ ಕಟ್ಟುವುದು, ಪ್ರಕರಣ ಎದುರಿಸುವುದು. 'ಸಣ್ಣ ಮೊತ್ತ, ಕಟ್ಟಿಬಿಡೋಣ' ಅಂದರೆ ತಪ್ಪೊಪ್ಪಿಕೊಂಡ ಹಾಗೆ, ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಎದುರಿಸುವುದನ್ನು ಆರಿಸಿದರೆ ಪ್ರಕರಣ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಮುಂದಿನ ದಿನಾಂಕಕ್ಕೆ ಇ-ಕೋರ್ಟ್ಸ್ ತಾಣದಲ್ಲಿ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು (ಪ್ರತಿ ಪ್ರಕರಣದ ಗುರುತಿನ ಸಂಖ್ಯೆ) ನಡುವೆ ಗೆರೆ, ಜಾಗ ಬಿಡದೆ ಹಾಕಿ.

ಚಲನ್ ಕೋರ್ಟಿಗೆ ಹೋಗುವ ಮೊದಲೇ ತಪ್ಪು ಗೊತ್ತಾದರೆ ಸುಲಭ. ಚಲನ್ ಫೋಟೊ, ಆರ್‌ಸಿ ಪ್ರತಿ, ಗಾಡಿಯ ಮುಂದೆ-ಹಿಂದೆ ಪ್ಲೇಟ್ ಕಾಣುವ ಫೋಟೊ ಸೇರಿಸಿ ಸಂಚಾರ ಪೊಲೀಸರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಮಾದರಿ, ಬಣ್ಣದ ವ್ಯತ್ಯಾಸವನ್ನು ಒಂದೇ ಸಾಲಿನಲ್ಲಿ ಬರೆದರೆ ಸಾಕು. ರದ್ದಾಯಿತು ಎಂದು ಬಾಯಲ್ಲಿ ಹೇಳಿದ್ದನ್ನು ನಂಬದೆ, ವಾರದ ನಂತರ ಇ-ಚಲನ್ ಪುಟದಲ್ಲಿ ನೋಡಿ.